ಲೇತ್‌ನಲ್ಲಿ ಫಿನಿಶ್ ಬರುತ್ತಿಲ್ಲವೇ? ಟೂಲ್‌ನ ಮೂತಿ ನೋಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಬೋಟುಗಳು ದಡ ಸೇರಿದವೆಂದರೆ ಕಾರವಾರದ ನಮ್ಮಂಥ ಸಣ್ಣ ಲೇತ್ ಶಾಪ್‌ಗಳಿಗೆ ಸುಗ್ಗಿ. ಲೇತ್ ಅಂದರೆ ಲೋಹದ ತುಂಡನ್ನು (ನಮ್ಮ ಮಾತಲ್ಲಿ ಜಾಬ್) ತಿರುಗಿಸುತ್ತ ಅದಕ್ಕೆ ಟೂಲ್ ಹಿಡಿದು ಕೊಯ್ಯುವ ಯಂತ್ರ. ಹಾಗೆ ಕೊಯ್ಯುವುದೇ ಟರ್ನಿಂಗ್, ಕೊಯ್ದ ಮೈಯ ನಯವೇ ಫಿನಿಶ್. ಪ್ರೊಪೆಲ್ಲರ್ ಶಾಫ್ಟ್, ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ (ಶಾಫ್ಟ್ ಒಳಗೆ ತಿರುಗುವ ಕೊಳವೆ), ವಿಂಚ್‌ನ ಪಿನ್ನು ಎಲ್ಲವೂ ಒಟ್ಟಿಗೇ ಬಾಗಿಲಿಗೆ ಬರುತ್ತವೆ. ಘಟ್ಟದ ಮೇಲಿಂದ ಅಡಿಕೆ ಸುಲಿಯುವ ಯಂತ್ರದ ರೋಲರುಗಳೂ ಇಳಿಯುತ್ತವೆ. ಕೆಲಸದ ಜೊತೆ ಪ್ರಶ್ನೆಗಳೂ ಬರುತ್ತವೆ. ಬೋಟಿನ ಮಾಲೀಕರು, ಐಟಿಐ ಮುಗಿಸಿ ಕೈ ಪಳಗಿಸಿಕೊಳ್ಳಲು ಬಂದ ಹುಡುಗರು, ಅಂಕೋಲಾ–ಕುಮಟಾ ಕಡೆಯ ಟರ್ನರ್‌ಗಳು ಹೆಚ್ಚಾಗಿ ಕೇಳುವಂಥವನ್ನು ಇಲ್ಲಿ ಹಾಕಿದ್ದೇನೆ.

ಹೊಸದಾಗಿ ಟರ್ನ್ ಮಾಡಿದ ಶಾಫ್ಟ್ ಮುಟ್ಟಿದರೆ ದೊರಗು. ಲೇತ್ ಹಳೆಯದಾಯಿತೆಂದೇ?

ಲೇತ್ ಮೇಲೆ ತಪ್ಪು ಹೊರಿಸುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ. ಬೆಡ್ ಸವೆದಿರಬಹುದು, ಬೇರಿಂಗ್ ಸಡಿಲವಿರಬಹುದು. ಆದರೆ ನಮ್ಮಲ್ಲಿಗೆ ಬರುವ ಹತ್ತು ದೂರುಗಳಲ್ಲಿ ಏಳೆಂಟು ಟೂಲ್‌ನ ತುದಿಯಲ್ಲೇ ಬಗೆಹರಿಯುತ್ತವೆ.

ಅಂಗಳ ಸಾರಿಸುವುದನ್ನು ನೆನಪಿಸಿಕೊಳ್ಳಿ. ಬೆರಳ ತುದಿಯಿಂದ ಎಳೆದರೆ ಗೆರೆ ಗೆರೆಯಾಗಿ ಏಳುತ್ತದೆ, ಅಂಗೈ ಬಗ್ಗಿಸಿ ಎಳೆದರೆ ಗೆರೆ ಆಳವಿರುವುದಿಲ್ಲ. ಲೇತ್‌ನಲ್ಲೂ ಅದೇ ಕತೆ. ಜಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ತುಸು ಮುಂದೆ ಸರಿದಿರುತ್ತದೆ, ಸುತ್ತಿಗೆ ಸರಿಯುವ ಆ ದೂರವೇ ಫೀಡ್. ಅದರ ಮೂತಿಯ ಆಕಾರ ಸುತ್ತಿಗೊಂದರಂತೆ ಲೋಹದ ಮೇಲೆ ಅಚ್ಚಾಗುತ್ತದೆ. ಎರಡು ಅಚ್ಚುಗಳ ನಡುವೆ ಉಳಿಯುವ ಸಣ್ಣ ಏಣೇ ನಿಮ್ಮ ಕೈಗೆ ಸಿಗುವ ದೊರಗು.

ಈ ಏಣಿನ ಎತ್ತರಕ್ಕೆ ಸರಳ ಲೆಕ್ಕವಿದೆ. ಫೀಡನ್ನು ಫೀಡ್‌ನಿಂದಲೇ ಗುಣಿಸಿ, ನೋಸ್ ರೇಡಿಯಸ್‌ನ (ಟೂಲ್ ಮೂತಿಯ ದುಂಡಿನ ತ್ರಿಜ್ಯದ) ಎಂಟು ಪಟ್ಟಿನಿಂದ ಭಾಗಿಸಿ. ಫೀಡ್ ಸುತ್ತಿಗೆ 0.2 ಮಿ.ಮೀ., ನೋಸ್ ರೇಡಿಯಸ್ 0.4 ಮಿ.ಮೀ. ಇದ್ದರೆ 0.04 ಭಾಗಿಸು 3.2. ಅಂದರೆ 0.0125 ಮಿ.ಮೀ., ಹನ್ನೆರಡೂವರೆ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ಅದೇ ಫೀಡ್‌ಗೆ 0.8ರ ರೇಡಿಯಸ್ ಹಾಕಿದರೆ ಆರೂಕಾಲು. 0.4ರ ಟೂಲನ್ನೇ ಇಟ್ಟುಕೊಂಡು ಫೀಡನ್ನು 0.1ಕ್ಕೆ ಇಳಿಸಿದರೆ ಮೂರಕ್ಕೆ ಬರುತ್ತದೆ. ಡ್ರಾಯಿಂಗ್‌ನಲ್ಲಿ ಬರೆಯುವ ಆರ್‌ಎ (Ra) ದೊರಗಿನ ಸರಾಸರಿ ಅಳತೆ, ಅದು ಈ ಎತ್ತರದ ಸುಮಾರು ಕಾಲು ಭಾಗ.

ರೇಡಿಯಸ್ ಇಮ್ಮಡಿ ಮಾಡಿದರೆ ಏಣು ಅರ್ಧವಾಗುತ್ತದೆ, ಫೀಡ್ ಅರ್ಧ ಮಾಡಿದರೆ ಕಾಲಾಗುತ್ತದೆ. ಇದೊಂದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ಸ್ಪೀಡ್ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ ಎಂಬುದನ್ನೂ ಗಮನಿಸಿ. ಅದು ಬೇರೆ ಬಾಗಿಲಿನಿಂದ ಬರುತ್ತದೆ, ಮುಂದೆ ಹೇಳುತ್ತೇನೆ.

ಸೂಜಿಯಂತೆ ಚೂಪಾದ ಟೂಲ್ ಚೆನ್ನಾಗಿ ಕೊಯ್ಯುವುದಿಲ್ಲವೇ?

ಹೊಸ ಹುಡುಗರೆಲ್ಲ ಮೊದಲ ವಾರ ಇದೇ ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೆ. ಹರಿತ ಇರಬೇಕಾದದ್ದು ಅಂಚು, ತುದಿಯಲ್ಲ. ಮುಂದಿನ ಅಂಚಿನ ಕೋನ 8 ಡಿಗ್ರಿ, ಪಕ್ಕದ ಅಂಚಿನದು 15 ಡಿಗ್ರಿ ಇಟ್ಟು ತುದಿಯನ್ನು ದುಂಡು ಮಾಡದೆ ಬಿಟ್ಟರೆ, ಅದೇ 0.2 ಫೀಡ್‌ಗೆ ಏಣು 27 ಮೈಕ್ರಾನ್ ಆಗುತ್ತದೆ. 0.4 ರೇಡಿಯಸ್ ಇದ್ದುದಕ್ಕಿಂತ ಎರಡು ಪಟ್ಟು ಮೇಲೆ. ಅದೂ ಚೂಪು ಉಳಿದಿರುವಷ್ಟು ಹೊತ್ತು ಮಾತ್ರ. ಅಂಥ ತುದಿ ಮೊದಲ ಕಟ್‌ನಲ್ಲೇ ಮುರಿದು ತನಗೆ ಬೇಕಾದ ಅಡ್ಡಾದಿಡ್ಡಿ ಆಕಾರ ಮಾಡಿಕೊಳ್ಳುತ್ತದೆ.

ಹಾಗಾದರೆ ಫೀಡ್ ಇಳಿಸುತ್ತ ಹೋದರೆ ಕನ್ನಡಿಯಾಗಬೇಕಲ್ಲ?

ಲೆಕ್ಕ ಹೌದೆನ್ನುತ್ತದೆ, ಲೋಹ ಇಲ್ಲ ಎನ್ನುತ್ತದೆ. ಎಷ್ಟೇ ಹರಿತವಿದ್ದರೂ ಅಂಚಿಗೆ ಒಂದಿಷ್ಟು ದುಂಡುತನ ಇದ್ದೇ ಇರುತ್ತದೆ. ಕಾರ್ಬೈಡ್ ಇನ್ಸರ್ಟ್‌ನಲ್ಲಂತೂ (ಹೋಲ್ಡರ್‌ಗೆ ಕಟ್ಟಿ ಬಳಸುವ, ಸವೆದರೆ ಬದಲಿಸುವ ಬಲು ಗಟ್ಟಿ ಬಿಲ್ಲೆ) ಅಂಚು ಉದುರದಿರಲೆಂದು ಬೇಕೆಂದೇ ದುಂಡು ಮಾಡಿರುತ್ತಾರೆ. ಕೊಯ್ಯಬೇಕಾದ ಪದರ ಆ ದುಂಡುತನದ ಮುಂದೆ ತೀರಾ ತೆಳುವಾದರೆ ಟೂಲ್ ಕೊಯ್ಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಮೊಂಡು ಮೆಟ್ಟುಗತ್ತಿಗೆ ಹಸಿ ಅಡಿಕೆ ಒತ್ತಿದರೆ ಸಿಪ್ಪೆ ಜಜ್ಜಿಹೋಗುವುದಿಲ್ಲವೇ, ಹಾಗೆ. ಮೇಲ್ಮೈ ಅಲ್ಲಲ್ಲಿ ಹೊಳೆಯುತ್ತದೆ, ಅಲ್ಲಲ್ಲಿ ಕಿತ್ತು ಬರುತ್ತದೆ. ಸಾಮಾನ್ಯ ಇನ್ಸರ್ಟ್‌ನಲ್ಲಿ ಫಿನಿಶ್ ಕಟ್‌ಗೆ ನಾನು ಸುತ್ತಿಗೆ 0.08ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಫೀಡ್ ಬೇಡವೆಂದರೆ ದೊಡ್ಡ ರೇಡಿಯಸ್ ಹಾಕಿಬಿಡೋಣ. 1.2 ಹಾಕಿದರೆ?

ಹಾಕಿ ನೋಡಿದವನು ನಾನೇ. ಒಮ್ಮೆ ಮಳೆಗಾಲದಲ್ಲಿ 35 ಮಿ.ಮೀ. ದಪ್ಪದ ಉದ್ದನೆಯ ಶಾಫ್ಟ್ ಬಂದಿತ್ತು. ಆಗಸ್ಟ್ ಒಂದಕ್ಕೆ ಬೋಟ್ ಇಳಿಯಬೇಕು, ಮಾಲೀಕರು ದಿನಕ್ಕೆರಡು ಸಲ ಬಂದು ನಿಲ್ಲುತ್ತಿದ್ದರು. ಒಂದೇ ಪಾಸ್‌ನಲ್ಲಿ ಮುಗಿಸೋಣವೆಂದು 1.2 ರೇಡಿಯಸ್‌ನ ಇನ್ಸರ್ಟ್ ಕಟ್ಟಿದೆ. ಚಕ್ (ಜಾಬನ್ನು ಕಚ್ಚಿ ಹಿಡಿಯುವ ಭಾಗ) ಹತ್ತಿರದ ಒಂದಡಿ ಚೆನ್ನಾಗಿಯೇ ಬಂತು. ನಡುವಿಗೆ ಬರುವಷ್ಟರಲ್ಲಿ ಶಾಫ್ಟ್ ಹಾಡತೊಡಗಿತು. ರಸ್ತೆಯ ಆಚೆಯ ಚಹಾದಂಗಡಿಯವರೂ ಎದ್ದು ನೋಡುವಷ್ಟು ಸದ್ದು. ನಿಲ್ಲಿಸಿ ನೋಡಿದರೆ ಮೈತುಂಬ ಮೀನಿನ ಪೊರೆಯಂಥ ಗುರುತು.

ನಡೆದದ್ದಿಷ್ಟು. ನಾನು ಕೊಟ್ಟ ಕಟ್ ಆಳ 0.2 ಮಿ.ಮೀ., ಮೂತಿಯ ದುಂಡು 1.2. ಟೂಲ್‌ನ ನೇರ ಅಂಚು ಲೋಹವನ್ನು ಮುಟ್ಟಲೇ ಇಲ್ಲ, ಕೊಯ್ದದ್ದೆಲ್ಲ ದುಂಡಿನ ಕೆಳತುದಿ. ಆಗ ಬಲದ ಬಹುಪಾಲು ಶಾಫ್ಟಿನ ಉದ್ದಕ್ಕೆ ಹೋಗದೆ ಅದನ್ನು ಅಡ್ಡಕ್ಕೆ ದೂಡುತ್ತದೆ. ಸಣಕಲು ಶಾಫ್ಟ್ ಬಾಗಿ ದೂರ ಸರಿಯುತ್ತದೆ, ಮತ್ತೆ ಪುಟಿದು ಟೂಲ್‌ಗೆ ಬಡಿಯುತ್ತದೆ. ಅದೇ ಚ್ಯಾಟರ್. ಸ್ಟೆಡಿ ರೆಸ್ಟ್ (ಉದ್ದ ಶಾಫ್ಟಿಗೆ ನಡುವೆ ಕೊಡುವ ಆಸರೆ) ಕಟ್ಟಿ, 0.4 ರೇಡಿಯಸ್ ಹಾಕಿ, ಫೀಡ್ 0.1ಕ್ಕೆ ಇಳಿಸಿದ ಮೇಲೆ ಶಾಫ್ಟ್ ಸುಮ್ಮನಾಯಿತು. ಅಷ್ಟರಲ್ಲಿ ಅಳತೆಗಿಂತ ಕೆಳಗೆ ಹೋಗುವ ಭಯದಲ್ಲಿ ನನ್ನ ಬೆವರು ಇಳಿದಿತ್ತು.

ಕಟ್‌ನ ಆಳ ನೋಸ್ ರೇಡಿಯಸ್‌ನ ಮೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆ ಬೇಡ ಎಂಬುದು ವಾಡಿಕೆಯ ನಿಯಮ. 0.8ರ ಮೂತಿ ಇದ್ದರೆ ಫಿನಿಶ್‌ಗೆ ಅರ್ಧ ಮಿಲಿಮೀಟರಾದರೂ ಉಳಿಸಿಕೊಳ್ಳಿ. ಉಳಿಸಿಲ್ಲವೆಂದರೆ ಮೂತಿ ಚಿಕ್ಕದು ಮಾಡಿ. ಗಿಡ್ಡ, ದಪ್ಪ ಜಾಬ್‌ಗೆ ದೊಡ್ಡ ರೇಡಿಯಸ್ ಒಳ್ಳೆಯದೇ.

ಬೋರಿಂಗ್‌ನಲ್ಲಿ, ಅಂದರೆ ರಂಧ್ರದ ಒಳಮೈ ಕೊಯ್ಯುವಾಗ, ಇದೇ ತೊಂದರೆ ಉಲ್ಟಾ. ಅಲ್ಲಿ ಬಾಗುವುದು ಟೂಲ್‌ನ ಸರಳು. ಉಕ್ಕಿನ ಸರಳನ್ನು ಅದರ ದಪ್ಪದ ನಾಲ್ಕು ಪಟ್ಟಿಗಿಂತ ಹೆಚ್ಚು ಹೊರಗೆ ಚಾಚಿದರೆ ಯಾವ ಮೂತಿ ಹಾಕಿದರೂ ಕೂಗುತ್ತದೆ.

ಇನ್ಸರ್ಟ್ ಡಬ್ಬಿಯ ಮೇಲಿನ ಅಕ್ಷರಗಳಲ್ಲಿ ನಾನು ನೋಡಬೇಕಾದದ್ದೇನು?

ಸಿಎನ್‌ಎಂಜಿ 120408 ಎಂದಿದ್ದರೆ ಕೊನೆಯ 08 ಅಂದರೆ ನೋಸ್ ರೇಡಿಯಸ್ 0.8. ಫಿನಿಶ್ ಬೇಕಾದವರು ಮೊದಲು ಓದಬೇಕಾದದ್ದು ಅದನ್ನು. ಮೊದಲ ಅಕ್ಷರ ಆಕಾರ: ಸಿ ಅಂದರೆ 80 ಡಿಗ್ರಿಯ ವಜ್ರಾಕೃತಿ, ಡಿ 55, ವಿ 35. ಎರಡನೆಯದು ಇನ್ಸರ್ಟ್‌ನ ಕ್ಲಿಯರೆನ್ಸ್ ಕೋನ (ಅಂಚಿನ ಕೆಳಗಿನ ಮೈ ಜಾಬ್‌ಗೆ ತಾಗದಂತೆ ಬಿಟ್ಟ ಓರೆ): ಎನ್ ಅಂದರೆ ಸೊನ್ನೆ, ಬಿ ಅಂದರೆ 5, ಸಿ ಅಂದರೆ 7 ಡಿಗ್ರಿ. ಸೊನ್ನೆ ಇದ್ದದ್ದನ್ನು ಹೋಲ್ಡರ್ ಮುಂದಕ್ಕೆ ಬಾಗಿಸಿ ಹಿಡಿಯುತ್ತದೆ, ಎರಡೂ ಮುಖ ಬಳಸಬಹುದು, ಒಟ್ಟು ನಾಲ್ಕು ಮೂಲೆ ಸಿಗುತ್ತದೆ. ಸಿಸಿಎಂಟಿ 09ಟಿ304 ಅಂಥದ್ದರಲ್ಲಿ ಎರಡೇ ಮೂಲೆ, ಆದರೆ ಹಗುರಾಗಿ ಕೊಯ್ಯುತ್ತದೆ. ಸಣ್ಣ ಮೋಟಾರಿನ ಹಳೆಯ ಲೇತ್‌ಗೆ ನನ್ನ ಆಯ್ಕೆ ಇದೇ.

ಡಬ್ಬಿಯನ್ನು ಪೂರ್ತಿ ನಂಬಬೇಡಿ. ಹುಬ್ಬಳ್ಳಿಯಿಂದ ತಂದ ಒಂದು ಡಬ್ಬಿಯ ಮೇಲೆ 04 ಎಂದಿತ್ತು, ಒಳಗೆ ಎಲ್ಲ 08. ಎರಡು ದಿನ ಲೇತ್‌ನ ಬೇರಿಂಗ್ ಬಿಚ್ಚಿ ಹುಡುಕಾಡಿದ ಮೇಲೆ ರೇಡಿಯಸ್ ಗೇಜ್ ಹಿಡಿದು ನೋಡುವ ಬುದ್ಧಿ ಬಂತು.

ಮೈಲ್ಡ್ ಸ್ಟೀಲ್ ಮಾತ್ರ ಹರಿದ ಬಟ್ಟೆಯ ಹಾಗೆ ಬರುತ್ತದೆ. ಫೀಡ್, ರೇಡಿಯಸ್ ಎರಡೂ ಸರಿಯಿವೆ.

ಸ್ಪೀಡ್ ಬರುವ ಬಾಗಿಲು ಇದು. ಮೆತ್ತಗಿನ ಉಕ್ಕನ್ನು ನಿಧಾನವಾಗಿ ಕೊಯ್ಯುವಾಗ ಒತ್ತಡಕ್ಕೆ ಲೋಹದ ಚೂರುಗಳು ಟೂಲ್‌ನ ಅಂಚಿಗೇ ಬೆಸೆದುಕೊಳ್ಳುತ್ತವೆ. ದೋಸೆ ಕಾವಲಿಗೆ ಹಿಟ್ಟು ಹಿಡಿದ ಹಾಗೆ. ಹೀಗೆ ಮೆತ್ತಿಕೊಂಡ ಗಡ್ಡೆಯೇ ಆಮೇಲೆ ಟೂಲ್‌ನ ಬದಲು ಕೊಯ್ಯುತ್ತದೆ. ಅದಕ್ಕೆ ನೀವು ಕೊಟ್ಟ ಕೋನವೂ ಇಲ್ಲ, ದುಂಡೂ ಇಲ್ಲ. ಬೆಳೆಯುತ್ತದೆ, ಕಳಚುತ್ತದೆ, ಕಳಚಿದ ಚೂರು ಶಾಫ್ಟ್‌ಗೆ ಅಂಟಿಕೊಂಡು ಹೋಗುತ್ತದೆ. ಬೆರಳಾಡಿಸಿದರೆ ಚುಚ್ಚುವುದು ಅದೇ ಚೂರು.

25 ಮಿ.ಮೀ. ಸರಳನ್ನು ನಿಮಿಷಕ್ಕೆ 300 ಸುತ್ತು ತಿರುಗಿಸಿದರೆ ಕೊಯ್ಯುವ ವೇಗ ನಿಮಿಷಕ್ಕೆ ಸುಮಾರು 24 ಮೀಟರ್. ಕಾರ್ಬೈಡ್‌ಗೆ ಇದು ಸಾಲದು, ಗಡ್ಡೆ ಕಟ್ಟುವುದಕ್ಕೆ ಹೇಳಿ ಮಾಡಿಸಿದ ವೇಗ. ಅದೇ ಸರಳನ್ನು 1200 ಸುತ್ತಿಗೆ ಏರಿಸಿದರೆ 94 ಮೀಟರ್ ಆಗುತ್ತದೆ, ಗಡ್ಡೆ ಬಹುಪಾಲು ನಿಲ್ಲುತ್ತದೆ. ಲೇತ್ ಅಷ್ಟು ಓಡುವುದಿಲ್ಲವೆಂದರೆ ಕಾರ್ಬೈಡ್ ಬಿಟ್ಟು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ತೆಗೆದುಕೊಳ್ಳಿ. ರೇಕ್ ಕೋನ (ಚಿಪ್, ಅಂದರೆ ಕೊಯ್ದು ಬರುವ ಲೋಹದ ಸುರುಳಿ, ಜಾರುವ ಮೇಲ್ಮುಖದ ಓರೆ) ಹತ್ತು–ಹದಿನೈದು ಡಿಗ್ರಿ ಕೊಡಿ, ಮೇಲ್ಮುಖವನ್ನು ಎಣ್ಣೆಕಲ್ಲಿನಲ್ಲಿ ನಯ ಮಾಡಿ, ಕಟಿಂಗ್ ಆಯಿಲ್ ಧಾರಾಳವಾಗಿ ಬಿಡಿ. ರೇಕ್ ಹೆಚ್ಚಿದಷ್ಟೂ ಚಿಪ್ ಸಲೀಸಾಗಿ ಜಾರುತ್ತದೆ, ಬೆಸೆಯುವಷ್ಟು ಒತ್ತಡ ಉಳಿಯುವುದಿಲ್ಲ. ಅಲ್ಯೂಮಿನಿಯಂಗೂ ಇದೇ ಮದ್ದು, ರೇಕ್ ಇನ್ನಷ್ಟು ಹೆಚ್ಚು.

ಹಾಗಾದರೆ ಗನ್‌ಮೆಟಲ್, ಹಿತ್ತಾಳೆಗೂ ರೇಕ್ ಹೆಚ್ಚು ಕೊಡಬಹುದೇ?

ಬೇಡ! ಹಿತ್ತಾಳೆ, ಗನ್‌ಮೆಟಲ್ ಟೂಲನ್ನು ತನ್ನೊಳಗೆ ಎಳೆದುಕೊಳ್ಳುತ್ತವೆ. ಕ್ರಾಸ್‌ಸ್ಲೈಡ್‌ನಲ್ಲಿ (ಟೂಲನ್ನು ಜಾಬ್‌ನತ್ತ ಸರಿಸುವ ಭಾಗ) ಸ್ವಲ್ಪ ಸಡಿಲವಿದ್ದರೂ ಸಾಕು, ಬುಷ್ ಎತ್ತಿ ಎಸೆಯುತ್ತದೆ. ರೇಕ್ ಸೊನ್ನೆ ಇಡಿ, ಚಿಪ್ ಪುಡಿ ಪುಡಿಯಾಗಿ ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ.

ಟೂಲ್ ಸೆಂಟರ್‌ಗಿಂತ (ಜಾಬ್ ತಿರುಗುವ ನಡುಗೆರೆಗಿಂತ) ತುಸು ಮೇಲಿದ್ದರೆ ಏನು ಮಹಾ?

20 ಮಿ.ಮೀ. ಶಾಫ್ಟ್‌ನಲ್ಲಿ ಅರ್ಧ ಮಿಲಿಮೀಟರ್ ಮೇಲಿದ್ದರೆ ಕೋನಗಳೆಲ್ಲ ಸುಮಾರು ಮೂರು ಡಿಗ್ರಿ ತಿರುಗುತ್ತವೆ. ರೇಕ್ ಮೂರು ಹೆಚ್ಚುತ್ತದೆ, ಕ್ಲಿಯರೆನ್ಸ್ ಮೂರು ಕಡಿಮೆಯಾಗುತ್ತದೆ. ಏಳು ಡಿಗ್ರಿ ಕ್ಲಿಯರೆನ್ಸ್‌ನ ಇನ್ಸರ್ಟ್ ತಂದು ನಾಲ್ಕರಲ್ಲಿ ಓಡಿಸಿದ ಹಾಗೆ. ಅಂಚಿನ ಕೆಳಗಿನ ಮೈ ಜಾಬ್‌ಗೆ ತಾಗಿ ಉಜ್ಜುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಸವೆದ ಪಟ್ಟಿ ಅಗಲವಾದಷ್ಟೂ ಉಜ್ಜುವುದು ಹೆಚ್ಚು. ದಪ್ಪ ಶಾಫ್ಟ್‌ನಲ್ಲಿ ಇದೇ ತಪ್ಪು ಅಷ್ಟು ಕಾಣುವುದಿಲ್ಲ. 50 ಮಿ.ಮೀ.ಗೆ ಒಂದು ಡಿಗ್ರಿಯ ಸುಮಾರು ಮಾತ್ರ. ಬೋರ್ ಒಳಗೆ ಪರಿಣಾಮ ತಿರುಗುಮುರುಗು: ಅಲ್ಲಿ ಕೆಳಗಿದ್ದರೆ ಉಜ್ಜುತ್ತದೆ.

ಬೋಟಿನವರಿಗೆ ಇದರಲ್ಲಿ ಇನ್ನೊಂದು ಪೇಚಿದೆ. ಪ್ರೊಪೆಲ್ಲರ್ ಕೂರುವ ಟೇಪರ್ (ತುದಿಯತ್ತ ಸಪೂರವಾಗುವ ಭಾಗ) ತಿರುಗಿಸುವಾಗ ಟೂಲ್ ಸೆಂಟರ್‌ನಲ್ಲಿ ಇಲ್ಲದಿದ್ದರೆ ಟೇಪರ್ ನೇರ ಬರುವುದಿಲ್ಲ, ನಡುವೆ ತುಸು ಒಳಗೆ ಬಾಗಿರುತ್ತದೆ. ನೋಡಲು ಹೊಳೆಯುತ್ತದೆ, ತಾಗಿದಲ್ಲಿ ಗುರುತು ಮೂಡಿಸುವ ನೀಲಿ ಬಣ್ಣ ಹಚ್ಚಿ ಪ್ರೊಪೆಲ್ಲರ್ ಕೂರಿಸಿ ತೆಗೆದರೆ ಎರಡು ತುದಿಗೆ ಮಾತ್ರ ಗುರುತು. ಹಾಗೇ ಕೂರಿಸಿದರೆ ಕೀ (ಶಾಫ್ಟ್, ಪ್ರೊಪೆಲ್ಲರ್ ನಡುವೆ ಕೂರುವ ಲೋಹದ ತುಂಡು) ಒಂದೇ ಎಲ್ಲ ಹೊರೆ ಹೊರಬೇಕು.

ಫಿನಿಶ್ ಚೆನ್ನಾಗಿ ಬಂದ ಮೇಲೆ ಅಲ್ಲಲ್ಲಿ ಗೀರು ಬೀಳುತ್ತದೆ. ಯಾಕೆ?

ಚಿಪ್ ಹಿಂದಿರುಗಿ ಬಂದು ಗೀರುತ್ತಿದೆ. ಅಂಚು ಯಾವ ಕಡೆ ವಾಲಿದೆಯೋ ಚಿಪ್ ಆ ಕಡೆ ಹರಿಯುತ್ತದೆ. ತುದಿ ಕೆಳಗಾಗಿ ವಾಲಿದ್ದರೆ ಸುರುಳಿ ಆಗಷ್ಟೇ ನಯಮಾಡಿದ ಮೈಯತ್ತ ಹೋಗುತ್ತದೆ, ತುದಿ ಮೇಲಾಗಿದ್ದರೆ ಆಚೆಗೆ. ಫಿನಿಶ್ ಟೂಲ್‌ಗೆ ತುದಿ ತುಸು ಮೇಲಿರಲಿ. ಕೈಯಲ್ಲಿ ಸುರುಳಿ ಎಳೆಯಲು ಹೋಗಬೇಡಿ, ಕೊಕ್ಕೆ ಬಳಸಿ.

ಸ್ಟೇನ್‌ಲೆಸ್ 316 ಶಾಫ್ಟ್‌ಗೆ ಬೇರೆ ಟೂಲ್ ಬೇಕೇ?

ಬೇಕು. ಅದಕ್ಕಿಂತ ಮುಖ್ಯವಾಗಿ ಬೇರೆ ಧೈರ್ಯ ಬೇಕು. ಸ್ಟೇನ್‌ಲೆಸ್ ಉಜ್ಜಿದಷ್ಟೂ ಗಟ್ಟಿಯಾಗುವ ಜಾತಿ. ಹೆದರಿ ಹೆದರಿ ಐದು ಸೆಂಟು, ಹತ್ತು ಸೆಂಟು (0.05, 0.1 ಮಿ.ಮೀ.) ಕಟ್ ಕೊಟ್ಟರೆ ಹಿಂದಿನ ಪಾಸ್‌ನಲ್ಲಿ ಗಟ್ಟಿಯಾದ ತೊಗಲಿನ ಮೇಲೇ ಟೂಲ್ ಓಡಿ ಸಾಯುತ್ತದೆ. ಹರಿತವಾದ ಪಾಸಿಟಿವ್ ರೇಕ್, ಮೂತಿ 0.4, ಕಟ್ ಆಳ 0.3–0.4 ಮಿ.ಮೀ.ಗೆ ಕಡಿಮೆಯಿಲ್ಲದಂತೆ. ನಡುವೆ ಫೀಡ್ ನಿಲ್ಲಿಸಿ ಟೂಲನ್ನು ಅಲ್ಲೇ ಉಜ್ಜಲು ಬಿಡಬೇಡಿ. ಫೋನ್ ಬಂದರೆ ಬರಲಿ.

ಇಲ್ಲಿ ದೊರಗು ಬರೀ ಅಂದದ ಪ್ರಶ್ನೆಯಲ್ಲ. ಸೀಲ್ ಕೆಳಗೆ, ಬುಷ್ ಕೆಳಗೆ ಉಪ್ಪುನೀರು ನಿಂತಲ್ಲೇ ನಿಂತು ಗಾಳಿ ಸಿಗದ ಕಡೆ 316 ಕೂಡ ಗುಳಿ ಬೀಳುತ್ತದೆ. ಆಳವಾದ ಫೀಡ್ ಗೆರೆ, ಕಿತ್ತುಬಂದ ಜಾಗ ಎಲ್ಲ ಆ ಉಪ್ಪಿಗೆ ಮನೆ. ಮೆಟ್ಟಿಲಿನ ಮೂಲೆಯಲ್ಲೂ ಜಾಗ್ರತೆ: ದಪ್ಪ ಬದಲಾಗುವಲ್ಲಿ ಚೂಪು ಟೂಲ್ ಬಿಟ್ಟ ಗೆರೆಯಿಂದಲೇ ಶಾಫ್ಟ್ ಬಿರುಕು ಬಿಡುತ್ತದೆ. ಡ್ರಾಯಿಂಗ್ ಅಡ್ಡಿ ಮಾಡದಿದ್ದರೆ ಅಲ್ಲಿ ದೊಡ್ಡ ನೋಸ್ ರೇಡಿಯಸ್ ಟೂಲ್‌ನಿಂದ ದುಂಡಾಗಿ ಬಿಡಿ.

ಶಾಫ್ಟ್ ಥಳಥಳ ಹೊಳೆಯುತ್ತದೆ, ಆದರೂ ಆಯಿಲ್ ಸೀಲ್ ಸೋರುತ್ತದೆ!

ಗೇರ್‌ಬಾಕ್ಸ್ ಬದಿಯ ಸೀಲ್ ಬಗ್ಗೆ ಈ ದೂರು ಪ್ರತಿ ವರ್ಷ ಬರುತ್ತದೆ, ಬೈಗುಳ ಸೀಲ್ ಮಾರಿದವರ ಪಾಲಿಗೆ. ಟರ್ನ್ ಮಾಡಿದ ಮೈಮೇಲಿನ ಫೀಡ್ ಗೆರೆ ಬಿಡಿ ಬಿಡಿ ಬಳೆಗಳಲ್ಲ, ಒಂದೇ ಉದ್ದನೆಯ ಸುರುಳಿ. ಅಂದರೆ ಬಲು ಸಣ್ಣ ಥ್ರೆಡ್. ಶಾಫ್ಟ್ ತಿರುಗಿದಾಗ ಆ ಥ್ರೆಡ್ ಎಣ್ಣೆಯನ್ನು ಒಂದೇ ದಿಕ್ಕಿಗೆ ದೂಡುತ್ತದೆ. ನಿಮ್ಮ ಅದೃಷ್ಟಕ್ಕೆ ಒಳಕ್ಕೆ ದೂಡಿದರೆ ಸೋರುವುದಿಲ್ಲ, ಹೊರಕ್ಕೆ ದೂಡಿದರೆ ಬಿಲ್ಜ್‌ನಲ್ಲಿ (ಬೋಟಿನ ತಳದಲ್ಲಿ) ಎಣ್ಣೆ. ಬೋಟ್ ರಿವರ್ಸ್ ಹೊಡೆಯುವಾಗ ಇದೇ ಉಲ್ಟಾ.

ಸೀಲ್ ಕೂರುವ ಜಾಗಕ್ಕೆ ಆರ್‌ಎ 0.2ರಿಂದ 0.8 ಮೈಕ್ರಾನ್ ಕೇಳುತ್ತಾರೆ, ಜೊತೆಗೆ ಸುರುಳಿ ಇರಬಾರದು ಎನ್ನುತ್ತಾರೆ. ಅದಕ್ಕೆ ಗ್ರೈಂಡಿಂಗ್ ವೀಲನ್ನು ಪಕ್ಕಕ್ಕೆ ಸರಿಸದೆ ನೇರವಾಗಿ ಒಳಕ್ಕೆ ಒತ್ತಿ ಮುಗಿಸುವುದು ಸರಿಯಾದ ದಾರಿ. ಟೂಲ್‌ನ ಮೂತಿ ಎಷ್ಟೇ ತಿದ್ದಿದರೂ ಇದೊಂದು ಕೆಲಸ ಟರ್ನಿಂಗ್‌ನಿಂದ ಆಗುವುದಿಲ್ಲ.

ವೈಪರ್ ಇನ್ಸರ್ಟ್ ಅಂದರೇನು? ದುಡ್ಡಿಗೆ ತಕ್ಕುದೇ?

ಮೂತಿಯ ದುಂಡು ಮುಗಿದ ಕೂಡಲೇ ಬಹಳ ದೊಡ್ಡ ರೇಡಿಯಸ್‌ನ ಪುಟ್ಟ ಅಂಚು ಇಟ್ಟಿರುತ್ತಾರೆ. ದುಂಡು ಕೊಯ್ಯುತ್ತದೆ, ಈ ಅಂಚು ಹಿಂದಿನಿಂದ ಏಣನ್ನು ಸವರಿಕೊಂಡು ಬರುತ್ತದೆ. ಫೀಡ್ ಇಮ್ಮಡಿ ಮಾಡಿದರೂ ಫಿನಿಶ್ ಕೆಡುವುದಿಲ್ಲ. ಒಂದೇ ಬಗೆಯ ನೂರಾರು ಜಾಬ್ ಮಾಡುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಇರುವವರಿಗೆ ಲಾಭ. ಉದ್ದ ಶಾಫ್ಟ್‌ಗೆ, ಸಡಿಲ ಲೇತ್‌ಗೆ ಬೇಡ. ಸವರುವ ಅಂಚು ಒತ್ತುವುದೂ ಹೆಚ್ಚು, ಮೇಲೆ ಹೇಳಿದ ಹಾಡು ಮತ್ತೆ ಕೇಳುತ್ತದೆ.

ಕೊನೆಗೆ ಎಮರಿ ಪೇಪರ್ ಹಿಡಿದರೆ ಆಯಿತಲ್ಲ?

ಇಳಿತದ ಹೊತ್ತಿಗೆ ಟಾಗೋರ್ ಕಡಲತೀರಕ್ಕೆ ಹೋಗಿ. ಮರಳ ಮೇಲೆ ಬೆರಳಗಲದ ಏಣುಗಳಿರುತ್ತವೆ, ಅದರಡಿ ದಂಡೆಯೇ ನಿಧಾನಕ್ಕೆ ಏರಿ ಇಳಿದಿರುತ್ತದೆ. ಕಾಲಲ್ಲಿ ಸವರಿದರೆ ಸಣ್ಣ ಏಣು ಹೋಗುತ್ತದೆ, ದಂಡೆ ಸಮವಾಗುವುದಿಲ್ಲ. ಎಮರಿಯೂ ಅಷ್ಟೇ: ಫೀಡ್ ಗೆರೆಯ ತಲೆ ಸವರುತ್ತದೆ, ಚ್ಯಾಟರ್‌ನ ಅಲೆಯನ್ನು ಮುಟ್ಟುವುದಿಲ್ಲ. ಹೊಳಪಿನ ಕೆಳಗೆ ಅಲೆ ಹಾಗೇ ಉಳಿದು ಬುಷ್ ತಿನ್ನುತ್ತದೆ. ಹೆಚ್ಚು ಹೊತ್ತು ಹಿಡಿದರೆ ಅಳತೆಯೂ ಹೋಯಿತು. ಎಮರಿಯನ್ನು ಬೆರಳಿಗೆ ಸುತ್ತಿಕೊಂಡು ತಿರುಗುವ ಜಾಬ್‌ಗೆ ಎಂದೂ ಹಿಡಿಯಬೇಡಿ. ಬೆರಳು ಹೋದವರನ್ನು ನಾನು ಕಂಡಿದ್ದೇನೆ.

ಯಂತ್ರವಿಲ್ಲದೆ ಫಿನಿಶ್ ಅಳೆಯುವುದು ಹೇಗೆ?

ಉಗುರು. ಫೀಡ್ ದಿಕ್ಕಿನಲ್ಲಿ, ಅಂದರೆ ಶಾಫ್ಟಿನ ಉದ್ದಕ್ಕೆ ಎಳೆಯಿರಿ. ಹೋಲಿಕೆಗೆಂದೇ ಮಾಡಿದ ಮಾದರಿ ತಗಡುಗಳು ಸಿಗುತ್ತವೆ, ಅದರ ಮೇಲೊಮ್ಮೆ, ಜಾಬ್ ಮೇಲೊಮ್ಮೆ ಉಗುರು ಆಡಿಸಿದರೆ ಆರ್‌ಎ 1.6 ಯಾವುದು, 3.2 ಯಾವುದು ಎಂದು ತಿಂಗಳಲ್ಲಿ ಕೈಗೆ ತಿಳಿಯುತ್ತದೆ. ಹಳೆಯ ಡ್ರಾಯಿಂಗ್‌ನಲ್ಲಿ ತ್ರಿಕೋನ ಹೆಚ್ಚಿದಷ್ಟೂ ನಯ. ಎನ್7 ಎಂದಿದ್ದರೆ 1.6, ಎನ್8 ಅಂದರೆ 3.2 ಮೈಕ್ರಾನ್. ಕಣ್ಣನ್ನು ಮಾತ್ರ ನಂಬಬೇಡಿ, ಉಜ್ಜಿದ ಮೈ ಕೊಯ್ದ ಮೈಗಿಂತ ಹೆಚ್ಚು ಹೊಳೆಯುತ್ತದೆ.

ಶಿರಸಿಯಿಂದ ಕೇಳುತ್ತಿದ್ದೇನೆ. ಅಡಿಕೆ ಸುಲಿಯುವ ಯಂತ್ರದ ರೋಲರಿಗೆ ಇಷ್ಟೆಲ್ಲ ಬೇಕೇ?

ಬೇಡ. ಬೇರಿಂಗ್ ಕೂರುವ ಎರಡು ತುದಿ ಮಾತ್ರ ಆರ್‌ಎ 1.6ಕ್ಕೆ ತನ್ನಿ. ಉಳಿದ ಮೈಗೆ 0.3 ಫೀಡ್ ಸಾಕು. ಎಲ್ಲ ಕಡೆ ಕನ್ನಡಿ ಮಾಡಿ ದೇವಿಮನೆ ಘಟ್ಟ ಹತ್ತಿಸಿದರೆ ಮಜೂರಿ ನೋಡಿ ನೀವೇ ಬೈಯುತ್ತೀರಿ.

ಮನೆಯಲ್ಲೇ ಎಚ್‌ಎಸ್‌ಎಸ್ ಟೂಲ್ ಮಸೆಯುವವರು ಎಲ್ಲಿಂದ ಶುರು ಮಾಡಬೇಕು?

ಭೂತಗನ್ನಡಿಯಿಂದ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ಗ್ರೈಂಡರ್‌ನಿಂದ ಈಗಷ್ಟೇ ತೆಗೆದ ಟೂಲನ್ನು ಬಾಗಿಲ ಬೆಳಕಿಗೆ ಹಿಡಿದು ಮೂತಿ ನೋಡಿ. ಬರಿಗಣ್ಣಿಗೆ ನೇರ ಕಂಡ ಅಂಚು ಗರಗಸದ ಹಲ್ಲಿನಂತಿರುತ್ತದೆ. ಕಲ್ಲು ಬಿಟ್ಟ ಆ ಹಲ್ಲುಗಳೇ ಜಾಬ್ ಮೇಲೆ ಅಚ್ಚಾಗುವುದು, ಫೀಡ್ ಎಷ್ಟೇ ಇಳಿಸಿದರೂ ಅವು ಹೋಗುವುದಿಲ್ಲ.

ಮುಂದಿನ ಮತ್ತು ಪಕ್ಕದ ಕ್ಲಿಯರೆನ್ಸ್ ಎಂಟು ಡಿಗ್ರಿಯ ಆಸುಪಾಸು ಇರಲಿ. ಎಣ್ಣೆಕಲ್ಲನ್ನು ಟೂಲ್‌ಗೆ ಒಯ್ಯಿರಿ, ಟೂಲನ್ನು ಕಲ್ಲಿಗಲ್ಲ. ಆಗ ಕೈಗೆ ಹಿಡಿತ ಇರುತ್ತದೆ. ಮೂತಿಯ ಸುತ್ತ ಕಲ್ಲನ್ನು ಕೆಳಗಿಂದ ಮೇಲಕ್ಕೆ, ಬಳಸಿಕೊಂಡು, ಇಪ್ಪತ್ತು ಸಲ ಆಡಿಸಿ, ಮತ್ತೆ ಭೂತಗನ್ನಡಿ ಹಿಡಿಯಿರಿ. ಹಲ್ಲು ಕಾಣದಿದ್ದರೆ ಮೇಲ್ಮುಖವನ್ನು ಚಪ್ಪಟೆಯಾಗಿ ನಾಲ್ಕು ಸಲ ಸವರಿ ಬರ್ (ಅಂಚಿನಲ್ಲಿ ಉಳಿದ ತೆಳು ಮುಳ್ಳು) ತೆಗೆಯಿರಿ. ಒಂದು ತುಂಡು ಸರಳಿನ ಮೇಲೆ 0.1 ಫೀಡ್‌ನಲ್ಲಿ ಅರ್ಧ ಇಂಚು ಓಡಿಸಿ, ಉಗುರು ಆಡಿಸಿ. ಸರಿಯಿದ್ದರೆ ಜಾಬ್ ಕಟ್ಟಿ. ಮಳೆಗಾಲವಾದರೆ ಮುಗಿದ ಶಾಫ್ಟ್‌ಗೆ ಅಂದೇ ಎಣ್ಣೆ ಹಚ್ಚಿ ಗೋಣಿ ಸುತ್ತಿಡಿ. ಮೈಲ್ಡ್ ಸ್ಟೀಲ್ ನಮ್ಮ ಕರಾವಳಿಯ ಗಾಳಿಗೆ ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ.